ಟಾವೆಲ್ಲಿನ ಕೆಳಗಿನ ಬಾಸ್ಕೆಟ್‌ಬಾಲ್

ಭಾರತ ಹುಣ್ಣಿಮೆ ಬಂತೆಂದರೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ. ಸಾಂಗಲಿ, ಕೊಲ್ಹಾಪುರ, ಸಾತಾರಾ, ಸೊಲ್ಲಾಪುರದ ಕಡೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ, ಮೀರಜ್–ಲೋಂಡಾ ಮಾರ್ಗದ ರೈಲು ಹಿಡಿದೂ ಬರುತ್ತಾರೆ. ಗುಡಿಯ ಸುತ್ತ ಭಂಡಾರ ಹಾರುತ್ತದೆ. ಇನ್ನೊಂದು ಮಗ್ಗುಲಲ್ಲಿ ದನಗಳ ಜಾತ್ರೆ. ಅಲ್ಲಿ ಹೋರಿಯ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ದಲಾಲನೂ ಒಂದು ಟಾವೆಲ್ಲಿನ ಕೆಳಗೆ ಕೈ ತೂರಿಸಿ, ಬೆರಳು ಹಿಡಿದು, ಮಾತು ಮುಗಿಸುತ್ತಾರೆ.

ಇಂಥದೇ ವ್ಯಾಪಾರದ ಬಗ್ಗೆ ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳಲ್ಲಿ ಎಂದೂ ಹರಿಯದ ಒಂದು ಜಗಳವಿದೆ. ಮುಂದಿನ ವರ್ಷಗಳಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯನ್ನು ಮಾರಿ ಈಗಲೇ ದುಡಿಯುವ ಆಟಗಾರನನ್ನು ತರಬೇಕೋ, ಹುಡುಗರನ್ನೇ ಇಟ್ಟುಕೊಂಡು ಬೆಳೆಸಬೇಕೋ ಎಂಬುದು ಆ ಜಗಳ. ಬೆಂಗಳೂರಿನ ಕಬಡ್ಡಿ, ಕ್ರಿಕೆಟ್ ತಂಡಗಳದೂ ಇದೇ ಗೋಳು. ಟಿವಿಯಲ್ಲಿ ಕೂತ ತಜ್ಞರು ಬೇಕಾದಷ್ಟು ಹೇಳಿದ್ದಾರೆ. ವ್ಯಾಪಾರ ಕುದುರುವುದನ್ನು ಒಳಗಿನಿಂದ ಕಂಡವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅದಕ್ಕೇ ದಲಾಲರೊಬ್ಬರ ಹೆಗಲ ಮೇಲಿನ ಟಾವೆಲ್ಲನ್ನು ಹುಡುಕಿಕೊಂಡು ಹೋದೆವು. ಹುಟ್ಟುವಾಗ ಬಿಳಿ, ಈಗ ಭಂಡಾರ ಕುಡಿದು ಹಳದಿ. ತುದಿಯ ಗಂಟಿನಲ್ಲಿ ನಿಪ್ಪಾಣಿ ತಂಬಾಕಿನ ವಾಸನೆ. ವಯಸ್ಸಿನ ಮರ್ಯಾದೆಗೆ ‘ಕಾಕಾ’ ಎಂದೇ ಕರೆದೆ.

ನಾನು: ನಮಸ್ಕಾರ ಕಾಕಾ. ಬಾಸ್ಕೆಟ್‌ಬಾಲ್ ಬಗ್ಗೆ ನಾಲ್ಕು ಮಾತು ಕೇಳಬೇಕಿತ್ತು. ನಿಮಗೆ ಪರಿಚಯ ಇದೆಯೆ?

ಟಾವೆಲ್: ಕೇಳಪಾ ತಮ್ಮಾ. ನಮ್ಮ ದಲಾಲರ ಮೊಮ್ಮಗ ಬೆಳಗಾವ್ಯಾಗ ಎಂಜಿನಿಯರಿಂಗ ಓದತಾನ. ಜಾತ್ರಿಗೆ ಬಂದಾಗ ನಸಿಕಿನ್ಯಾಗ ಎದ್ದ, ನನ್ನನ್ನ ತಲಿಗೆ ಸುತಗೊಂಡ, ಮೊಬೈಲ್ ಹಿಡದ ಕುಂಡ್ರತಾನ. ಅವರು ರಾತ್ರಿ ಆಡಿದ್ದು ನಮಗ ಮುಂಜಾನೆ ಕಾಣತೈತಿ. ಮೊದಲ ನಾ ಅದನ್ನ ಆಟ ಅಂತ ತಿಳಕೊಂಡಿದ್ದೆ. ಆಮ್ಯಾಲ ಗೊತ್ತಾತು, ಅದು ಜೂನ್ ತಿಂಗಳದಾಗ ಕೂಡೂ ದನದ ಜಾತ್ರಿ. ಆಟ ಅನ್ನೂದು ಉಳದ ತಿಂಗಳ ಹೊತ್ತ ಹೋಗಾಕ.

ನಾನು: ಜೂನಿನದು ಡ್ರಾಫ್ಟ್. ನಮ್ಮ ಓದುಗರಿಗೆ ಅದನ್ನು ಹೇಗೆ ವಿವರಿಸುತ್ತೀರಿ?

ಟಾವೆಲ್: 30 ತಂಡ. ಕಾಲೇಜಿನ್ಯಾಂದು, ಹೊರದೇಶದ್ದು ಹೊಸಾ ಹುಡುಗರನ್ನ ನಿಂದ್ರಸ್ತಾರ. ಸರದಿ ಪ್ರಕಾರ ಒಂದೊಂದ ತಂಡ ಒಬ್ಬೊಬ್ಬನ್ನ ಹೆಸರ ಹಿಡದ ಕರೀತೈತಿ. ಹಿಂದಿನ ವರ್ಷ ಸೋತು ಸುಣ್ಣ ಆದವರಿಗೆ ಮೊದಲಿನ ಸರದಿ ಸಿಗೂ ಅವಕಾಶ ಹೆಚ್ಚ. ಬೇಕಂತನ ಸೋಲಾಕತ್ತಿದ್ರಂತ 1985ರಾಗ ಅದಕ್ಕೊಂದ ಚೀಟಿ ಎತ್ತೂ ಪದ್ಧತಿ ತಂದ್ರು. 2019ರಾಗ ಕಡೀ ಮೂರೂ ತಂಡಕ್ಕ ಮೊದಲನೇ ಸರದಿ ಸಿಗೂ ಲೆಕ್ಕ ನೂರಕ್ಕ 14 ಮಾಡಿದ್ರು. ಆದರೂ ಬೇಕಂತ ಸೋಲೂದೇನ ನಿಂತಿಲ್ಲ ಬಿಡು.

ಇಲ್ಲಿ ಮಟಾ ನನಗ ಎಲ್ಲಾ ತಿಳೀತು. ಮುಂದಿಂದ ಕೇಳಿ ನನ್ನ ನೂಲ ಸಡಲಾತು. ಅವರು ಹುಡುಗನ್ನ ಅಷ್ಟ ಅಲ್ಲ, ಆ ಸರದೀನ ಮಾರತಾರ! ಅದೂ ಏಳ ವರ್ಷ ಮುಂದಿನ ಸರದಿ ಮಟಾ ಮಾರಬಹುದು. ಏಳ ವರ್ಷದ ಮುಂದ ಬರೂ ಹುಡುಗ ಈಗ ಎಲ್ಲಿರತಾನ ಹೇಳು? ಯಾವದೋ ಊರಾಗ ಆರನೇತ್ತೆ ಓದಕೋತ, ಹೋಂವರ್ಕ್ ಮಾಡದ ಮಾಸ್ತರ ಕಡೆ ಬಡಿಸಿಕೊಳ್ಳಾಕತ್ತಿರತಾನ. ಅವನ ಮ್ಯಾಲ ಇಲ್ಲಿ ಯಾಪಾರ ಮುಗದ ಹೋಗಿರತೈತಿ.

ನಾನು: ನಮ್ಮಲ್ಲಿ ಹಾಗೆ ಇಲ್ಲವೆ?

ಟಾವೆಲ್: ಗಬ್ಬದ ಆಕಳ ಮಾರತೀವಿ. ಹೊಟ್ಟ್ಯಾಗಿನ ಕರಾ ಒಂದ ಬಿಡಿಸಿ ಮಾರೂದಿಲ್ಲ. ಅವರು ಮಾರತಾರ. ಅದಕ್ಕ ಕರಾರ ಎಂಥಾವ ಅಂತೀ! ‘ನನ್ನ ಸರದಿ ನಿನಗ ಕೊಟ್ಟೆ, ಆದ್ರ ಅದು ಮೊದಲ ನಾಕರಾಗ ಬಂತಂದ್ರ ನನಗ ಉಳೀತು, ಐದು, ಇಲ್ಲಾ ಅದರ ಕೆಳಗ ಬಂದ್ರ ನಿನಗ.’ ಅಂದ್ರ, ಹೋರಿಗರಾ ಹಾಕಿದ್ರ ನಂದು, ಹೆಣಗರಾ ಹಾಕಿದ್ರ ನಿಂದು. ಇನ್ನೊಂದು ಅದಲಿ ಬದಲಿ: ಇಬ್ಬರ ಆಕಳನೂ ಈಯ್ದ ಮ್ಯಾಲ ಯಾರ ಕರಾ ಚಲೋ ಐತಿ ಅಂತ ನೋಡಿ, ಬೇಕಾದ್ರ ನಾ ಬದಲ ಮಾಡಕೋತೀನಿ. ಇಂಥಾ ಮಾತ ನಮ್ಮ ಜಾತ್ರ್ಯಾಗ ಆಡಿದ್ರ ಗೂಟಾ ಕಿತ್ತ ಬೆನ್ನ ಹತ್ತತಾರ.

ನಾನು: ಇದಕ್ಕೆ ಅಲ್ಲಿ ತಡೆಯೇ ಇಲ್ಲವೆ?

ಟಾವೆಲ್: ಐತಿ. 1980ರ ಸುಮಾರಿಗೆ ಕ್ಲೀವ್‌ಲ್ಯಾಂಡ್ ತಂಡಕ್ಕ ಟೆಡ್ ಸ್ಟೆಪಿಯನ್ ಅಂತೊಬ್ಬ ಮಾಲಕ ಇದ್ದ. ಮೊದಲ ಸುತ್ತಿನ ಸರದಿ ಒಂದಾದ ಮ್ಯಾಲೊಂದ ಮಾರಕೋತನ ಹ್ವಾದ. ಕಡೀಕ ಲೀಗಿನವರ ಹೆದರಿ ನಿಯಮ ಮಾಡಿದ್ರು: ಯಾವ ತಂಡಾನೂ ಮುಂದಿನ ಎರಡ ವರ್ಷ ಒಂದರ ಬೆನ್ನಿಗೊಂದ ಮೊದಲ ಸುತ್ತಿನ ಸರದಿ ಇಲ್ಲದಂಗ ಮಾಡಕೋಬಾರದು. ಆ ನಿಯಮಕ್ಕ ಅವನ ಹೆಸರ ಇಟ್ಟಾರ. ಮನಿ ಮಾರಿದವನ ಹೆಸರ ಕಾನೂನಿಗೆ ಇಟ್ಟದ್ದು ಅಲ್ಲೇ ನೋಡಿದ್ದು. ನಮ್ಮ ಕಡೆ ಆದ್ರ ಶಾಲಿ ಕಟ್ಟಡಕ್ಕ ಇಡತಾರ.

(ಇಲ್ಲಿ ಟಾವೆಲ್ ಸ್ವಲ್ಪ ಹೊತ್ತು ಕೊಡವಿಕೊಂಡಿತು. ಭಂಡಾರ ನನ್ನ ನೋಟ್‌ಬುಕ್ಕಿನ ಮೇಲೂ ಬಿತ್ತು.)

ನಾನು: ಸರದಿ ಮಾರಿ ಕೈ ಸುಟ್ಟುಕೊಂಡವರ ಉದಾಹರಣೆ ಕೊಡಿ.

ಟಾವೆಲ್: 2013. ನ್ಯೂಯಾರ್ಕಿನ ಬ್ರೂಕ್ಲಿನ್ ತಂಡ. ಹೊಸಾ ಕ್ರೀಡಾಂಗಣ, ಹೊಸಾ ಅಂಗಿ, ಮಾಲಕಗ ಕಪ್ಪಿನ ಅವಸರ. ಬೋಸ್ಟನ್ನಿನವರ ಕಡಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಅನ್ನೂ ದೊಡ್ಡ ಆಟಗಾರರನ್ನ ತಂದ್ರು. ದೊಡ್ಡವರು ಖರೆ, ಆದ್ರ ಒಬ್ಬಗ 37 ವರ್ಷ, ಇನ್ನೊಬ್ಬಗ 35. ಬಾಯಿಗೂಡಿ ಹಲ್ಲ ಸವದ ಎತ್ತು. ಅದಕ್ಕ ಬದಲಿ ಕೊಟ್ಟದ್ದೇನು? 2014, 2016, 2018ರ ಮೊದಲ ಸುತ್ತಿನ ಸರದಿ, ಮ್ಯಾಲ 2017ರಾಗ ಅದಲಿ ಬದಲಿ ಮಾಡಕೊಳ್ಳೂ ಹಕ್ಕ. ಆ ಎತ್ತು ಎರಡ ಹಂಗಾಮ ಸೈತ ಸರಿಯಾಗಿ ಗಳೇ ಹೊಡೀಲಿಲ್ಲ. ಬೋಸ್ಟನ್ನಿನವರಿಗೆ ಆ ಸರದಿಯಿಂದ 2016ರಾಗ ಜೇಲನ್ ಬ್ರೌನ್ ಸಿಕ್ಕ. 2017ರಾಗ ಅದ ಹಕ್ಕಿನ ಮ್ಯಾಲ ಒಂದನೇ ನಂಬರ ಬಂತು. ಅದನ್ನ ಮೂರನೇ ನಂಬರಿಗೆ ಇಳಿಸಿ, ಮ್ಯಾಲೊಂದ ಸರದಿ ಇಸಗೊಂಡ, ಜೇಸನ್ ಟೇಟಮ್‌ನ್ನ ಹಿಡದ್ರು. 2024ರಾಗ ಆ ಇಬ್ಬರೂ ಕೂಡಿ ಬೋಸ್ಟನ್ನಿಗೆ ಕಪ್ ತಂದ್ರು. ಬ್ರೂಕ್ಲಿನ್ನಿನವರು ಅದನ್ನ ಟಿವಿಯಾಗ ನೋಡಿದ್ರು.

ಹಂಗ 2019ರಾಗ ಓಕ್ಲಹೋಮಾದವರು ಪಾಲ್ ಜಾರ್ಜ್‌ನ್ನ ಕೊಟ್ಟು, ಐದ ಮೊದಲ ಸುತ್ತಿನ ಸರದಿ ಮತ್ತ ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಅನ್ನೂ ಹರೇದ ಹುಡುಗನ್ನ ತಗೊಂಡ್ರು. ಆ ಹುಡುಗ 2025ರಾಗ ಇಡೀ ಲೀಗಿನ ಅತ್ಯುತ್ತಮ ಆಟಗಾರ ಆದ, ತಂಡ ಚಾಂಪಿಯನ್ ಆತು.

ನಾನು: ಹಾಗಾದರೆ ನಿಮ್ಮ ತೀರ್ಪು ಸ್ಪಷ್ಟ. ಮಾರಬಾರದು, ಸಾಕಬೇಕು.

ಟಾವೆಲ್: ತಡೀಪಾ. ಪೇಪರಿನವರಿಗೆ ತೀರ್ಪಿಂದ ಅವಸರ. ಫಿಲಡೆಲ್ಫಿಯಾ ತಂಡದ್ದ ಕೇಳ. ಸ್ಯಾಮ್ ಹಿಂಕಿ ಅಂತ ವ್ಯವಸ್ಥಾಪಕ. 2013ರಿಂದ ಇದ್ದಬದ್ದ ಎತ್ತೆಲ್ಲಾ ಮಾರಿ ಬರೇ ಕರಾ ಕಟ್ಟಿದ. 2015–16ರಾಗ 82 ಆಟದಾಗ ಗೆದ್ದದ್ದ 10. ಜನಾ ‘ನಡಿಯೂದನ್ನ ನಂಬ್ರಿ’ ಅಂತ ಕೂಗಿದ್ರು, ನಂಬಿದ್ರು. ಅವ ಹದಿಮೂರ ಪಾನಿನ ಪತ್ರ ಬರದಿಟ್ಟು ಕೆಲಸಾ ಬಿಟ್ಟ. ಕಪ್ ಇನ್ನೂ ಬಂದಿಲ್ಲ. ಅದರ ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್: 2019ರಾಗ ತಾವ ಬೆಳಸಿದ ಮೂರ ಹುಡುಗರನ್ನ, ಜೋಡಿಗೆ ಸರದಿಗಳನ್ನ ಕೊಟ್ಟು ಆಂಥೊನಿ ಡೇವಿಸ್‌ನ್ನ ತಂದ್ರು, ಮರುವರ್ಷ ಕಪ್ ಗೆದ್ದ ಕುಂತ್ರು. ಯಾಕಂದ್ರ ಅವರ ಗ್ವಾದ್ಲ್ಯಾಗ ಮೊದಲ ಲೆಬ್ರಾನ್ ಜೇಮ್ಸ್ ಅನ್ನೂ ಎತ್ತ ನಿಂತಿತ್ತು. ಜೋಡಿ ಇಲ್ಲದ ಒಂಟಿ ನಿಂತಿತ್ತು. ವಯಸ್ಸ ಆಗಾಕತ್ತಿತ್ತು. ಅಂಥಾವನು ಜೋಡಿ ಹುಡುಕೂದ ಬಿಟ್ಟು ಕರಾ ಕಟಗೋತ ಕುಂತ್ರ ಹೊಲಾ ಬೀಳ ಬೀಳತೈತಿ.

ಅದಕ್ಕ ನಮ್ಮ ದಲಾಲರು ಮೊದಲ ಎತ್ತಿನ ಬಾಯಿ ನೋಡೂದಿಲ್ಲ, ಗಿರಾಕಿ ಮನಿ ಕೇಳತಾರ. ಹೊಲಾ ಎಷ್ಟ? ಮೇವ ಐತೋ? ಇನ್ನೊಂದ ಎತ್ತ ಎಷ್ಟ ಹಲ್ಲಿಂದು? ಸಾಕೂ ಹುಡುಗ ಮನ್ಯಾಗ ಇದ್ದಾನೋ, ಪುಣೆಕ ಹೋಗ್ಯಾನೋ? ತಂಡದ ಮಾಲಕರನ್ನ ಈ ಪ್ರಶ್ನಿ ಯಾರೂ ಕೇಳೂದಿಲ್ಲ. ಸೋತ ವರ್ಷ ಅವರು ‘ಭವಿಷ್ಯ ಕಟ್ಟಾಕತ್ತೀವಿ’ ಅಂತಾರ. ಟಿಕೀಟ ಖರ್ಚ ಆಗಲಿಲ್ಲಂದ್ರ ಮರುದಿನನ ‘ಈ ವರ್ಷ ಗೆಲ್ಲಾಕ ಬೇಕ’ ಅಂತಾರ. ಮೇವಿನ ಸುದ್ದಿ ಎರಡೂ ಸಲ ಇಲ್ಲ.

ನಾನು: ಹುಡುಗನನ್ನು ಸಾಕುವುದು ಎಂದರೆ ನಿಜವಾಗಿ ಏನು?

ಟಾವೆಲ್: ಗೂಟಕ್ಕ ಕಟ್ಟಿ ‘ಬೆಳೀ’ ಅನ್ನೂದಲ್ಲ. ಖಿಲಾರಿ ಕರಾ ತಗೊ. ಹಾಲಹಲ್ಲ ಇರೂವಾಗ ಕಣಕಿ, ಹಿಂಡಿ, ಮೈ ತಿಕ್ಕೂದು, ಜನದ ನಡುವ ತಿರಗಸೂದು. ಎರಡ ಹಲ್ಲ ಹಚ್ಚಿದ ಮ್ಯಾಲ ಮೂಗದಾಣ, ಆಮ್ಯಾಲ ಹಗುರ ಕುಂಟಿ. ಮೊದಲ ಸಲ ಹೂಡೂವಾಗ ಇನ್ನೊಂದ ಕರಾದ ಜೋಡಿ ಕಟ್ಟೂದಿಲ್ಲ. ಹಳೇ ಎತ್ತಿನ ಜೋಡಿ ಕಟ್ಟತಾರ. ಹಳೇದು ಸಾಲ ಹಿಡದ ನಡೀತೈತಿ, ಹೋರಿ ಅದರ ಹೆಗಲ ನೋಡಿ ಕಲೀತೈತಿ. ಬರೇ ಕರಾ ತುಂಬಿದ ತಂಡ ಯಾಕ ಏಳೂದಿಲ್ಲ ಅನ್ನೂದು ಇದರಾಗ ಐತಿ. ಹಳೇ ಎತ್ತಿಗೂ ಕೆಲಸ ಐತಿ. ಅದಕ್ಕ ಹೊಟ್ಟ್ಯಾಗಿನ ಮೂರ ಕರಾದ ಬೆಲಿ ಕೊಡೂದಷ್ಟ ತಪ್ಪ.

ಮೇವ ಇಲ್ಲದವರು ಕರಾನ ಪಾಲಿಗೆ ಕೊಡತಾರ. ಸಾಕಿ ದೊಡ್ಡದ ಮಾಡಿದವಗೂ ಮಾರಿದಾಗ ಪಾಲ ಬರತೈತಿ. ತಾಲೀಮ ಕೊಟ್ಟ ಊರಿನ ಮಾಸ್ತರಗ, ಮೈದಾನ ಬಳದ ಹುಡುಗರ ಸಂಘಕ್ಕ, ನಿಮ್ಮ ಹರಾಜಿನ್ಯಾಗ ಎಷ್ಟ ಪಾಲ ಬರತೈತಿ? ಅದನ್ನ ನೀ ಹೇಳ.

(ನಾನು ಹೇಳಲಿಲ್ಲ. ಮುಂದಿನ ಪ್ರಶ್ನೆಗೆ ಹೋದೆ.)

ನಾನು: ಯಾವ ಕರು ಎತ್ತಾಗುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲವೆ? ಈಗ ಕಂಪ್ಯೂಟರ್ ಲೆಕ್ಕ ಇದೆ, ತೋಳಿನ ಅಳತೆ ಇದೆ, ಜಿಗಿತದ ಅಳತೆ ಇದೆ.

ಟಾವೆಲ್: ನಮಗ ಸುಳಿ ಐತಿ! ರಾಜಸುಳಿ ಅಂದ್ರ ಹತ್ತ ಸಾವಿರ ಹೆಚ್ಚ, ಕೆಟ್ಟ ಸುಳಿ ಅಂದ್ರ ತಿರಗಿ ನೋಡೂದಿಲ್ಲ. ಅವರದೂ ಸುಳೀನ. 2007ರಾಗ ಕೆವಿನ್ ಡುರಾಂಟ್ ಅನ್ನೂ ಹುಡುಗ ಅಳತಿ ಹಾಕೂವಾಗ ಅವರ ಇಟ್ಟ ಭಾರ ಒಮ್ಮೀನೂ ಎತ್ತಲಿಲ್ಲ. ಮೊದಲನೇ ಸರದಿ ಇದ್ದ ಪೋರ್ಟ್‌ಲ್ಯಾಂಡಿನವರು ಗ್ರೆಗ್ ಓಡನ್ ಅನ್ನೂ ಆಳೆತ್ತರದ ಹುಡುಗನ್ನ ತಗೊಂಡ್ರು. ಓಡನ್ನನ ಮೊಣಕಾಲ ಹ್ವಾದು. ಡುರಾಂಟ್ ಇನ್ನೂ ಆಡಾಕತ್ತಾನ. 2014ರಾಗ ಸರ್ಬಿಯಾದ ನಿಕೋಲಾ ಯೋಕಿಚ್‌ನ್ನ 41ನೇ ಸರದಿಯಾಗ ಕರದ್ರು. ಟಿವಿಯಾಗ ಆಗ ಜಾಹೀರಾತ ನಡದಿತ್ತು. ಈಗ ಅವ ಮೂರ ಸಲ ಲೀಗಿನ ಅತ್ಯುತ್ತಮ ಆಟಗಾರ.

ನಮ್ಮ ದೇಶದ್ದ ಬೇಕಾ? 2008ರಾಗ ಐಪಿಎಲ್ ಚಾಲೂ ಆದಾಗ 19ರ ಒಳಗಿನವರಿಗೆ ಹರಾಜ ಇರಲಿಲ್ಲ, ಡ್ರಾಫ್ಟ್ ಇತ್ತು. ಮೊದಲನೇ ಸರದಿ ದಿಲ್ಲಿದು. ದಿಲ್ಲಿ ಹುಡುಗ ವಿರಾಟ್ ಕೊಹ್ಲಿ ಎದುರಿಗೇ ನಿಂತಿದ್ದ. ಅವರು ಬ್ಯಾಟ್ಸ್‌ಮನ್ ನಮ್ಮ ಕಡೆ ಸಾಕಷ್ಟ ಅದಾರ ಅಂತ ಬೌಲರ್ ಪ್ರದೀಪ ಸಾಂಗ್ವಾನ್‌ನ್ನ ಆರಿಸಿದ್ರು. ಉಳದ ಕೊಹ್ಲಿನ್ನ ಬೆಂಗಳೂರಿನವರು ಹಿಡದ್ರು. 18 ಹಂಗಾಮ ಬಿಡಲಿಲ್ಲ. 2025ರ ಜೂನ್ 3ಕ್ಕ ಅಹಮದಾಬಾದಿನ್ಯಾಗ ಕಪ್ ಬಂತು.

ನಾನು: ಅಂದರೆ ಬೆಂಗಳೂರಿನವರು ಸಾಕುವುದರಲ್ಲಿ ಜಾಣರು?

ಟಾವೆಲ್: ಒಂದ ಹೋರಿ ಸಾಕಿದ್ರು. ಉಳದಾವನ್ನೇನ ಮಾಡಿದ್ರು? ಕೆ.ಎಲ್. ರಾಹುಲ್, ಮಯಂಕ್ ಅಗರವಾಲ್, ಕರ್ನಾಟಕದ ಹುಡುಗರ, ಇದ ಗ್ವಾದ್ಲ್ಯಾಗ ಮೇದು ಬ್ಯಾರೆ ಕಡೆ ಹೋದ್ರು. ಯುಜುವೇಂದ್ರ ಚಾಹಲ್‌ನ್ನ 2014ರಾಗ 10 ಲಕ್ಷಕ್ಕ ತಂದು, ತಂಡದಾಗ ಎಲ್ಲಾರಕ್ಕಿಂತ ಹೆಚ್ಚ ವಿಕೆಟ್ ತಗಸಿ, ಆಮ್ಯಾಲ ಕೈಬಿಟ್ರು. 2025ಕ್ಕ ಪಂಜಾಬದವರು ಅವಗ 18 ಕೋಟಿ ಎಣಿಸಿದ್ರು. ಫೈನಲ್‌ದಾಗ ಎದುರಿಗೆ ನಿಂತಿದ್ದ. ಬೆಂಗಳೂರ ಆರ ರನ್ನಿಲೆ ಗೆದ್ದದ್ದಕ್ಕ ಆ ಮಾತ ಮುಚ್ಚಿ ಹ್ವಾತು.

ನಾನು: ಕಬಡ್ಡಿಗೆ ಬರೋಣ. ಬೆಂಗಳೂರು ಬುಲ್ಸ್. ಹೆಸರಿನಲ್ಲೇ ಹೋರಿ ಇದೆ.

ಟಾವೆಲ್: ಹೆಸರ ಇಟ್ಟಕೊಂಡವರು ಒಮ್ಮೆ ಚಿಂಚಲಿಗೆ ಬರಬೇಕಿತ್ತ ನೋಡು. 2015ರಾಗ ಪ್ರೊ ಕಬಡ್ಡಿ ಎರಡನೇ ಹಂಗಾಮದಾಗ ಹರಿಯಾಣದ ಪ್ರದೀಪ ನರವಾಲ ಅನ್ನೂ ಎಳೇ ಹುಡುಗ ಇವರ ಕಡೇನ ಇದ್ದ. ಹಾಲಹಲ್ಲ. ಹೆಚ್ಚ ಆಡಸಲಿಲ್ಲ, ಇಟಗೊಳ್ಳಲೂ ಇಲ್ಲ. ಮರುಹಂಗಾಮ ಪಾಟ್ನಾದವರು ಒಯ್ದ್ರು. ಪಾಟ್ನಾ ಒಂದರ ಬೆನ್ನಿಗೊಂದ ಮೂರ ಕಪ್ ಗೆದ್ದಿತು. ಒಂದ ಹಂಗಾಮದಾಗ ಅವ ಹೊಡದ ರೇಡ್ ಪಾಯಿಂಟ್ 369. 2021ರಾಗ ಉತ್ತರ ಪ್ರದೇಶದ ತಂಡ 1.65 ಕೋಟಿ ಕೊಟ್ಟಿತು. ಇಷ್ಟೆಲ್ಲಾ ಆದಮ್ಯಾಲ, 2024ರಾಗ, ಅವನ ಕಾಲ ಸೋತ ಮ್ಯಾಲ, ನಮ್ಮ ಬುಲ್ಸ್ 70 ಲಕ್ಷ ಕೊಟ್ಟ ವಾಪಸ್ ತಂದ್ರು! ಆ ಹಂಗಾಮ ತಂಡ ಪಟ್ಟಿ ತಳಕ್ಕ ಹ್ವಾತು. ಮುಂದಿನ ಹರಾಜಿನ್ಯಾಗ ಅವನ್ನ ಯಾರೂ ಕೂಗಲಿಲ್ಲ, ಅವ ಆಟಾ ಬಿಟ್ಟ. ಕರಾ ಇದ್ದಾಗ ಬಿಟ್ಟು, ಹಲ್ಲ ಸವದ ಮ್ಯಾಲ ಕೊಂಡದ್ದು. ನನ್ನ ಕೆಳಗ ಇಂಥಾ ಯಾಪಾರ ಆಗಿದ್ರ ನಾಚಿಕಿಗೆ ನಾನ ಹರದ ಹೋಗತಿದ್ದೆ.

ನಾನು: ಒಮ್ಮೆಯೂ ಸರಿಯಾಗಿ ಮಾಡಲಿಲ್ಲವೆ?

ಟಾವೆಲ್: ಮಾಡ್ಯಾರ. ಪವನ ಸೆಹ್ರಾವತ್‌ನ್ನ ಒಮ್ಮೆ ಬಿಟ್ಟು 2018ರಾಗ ಮತ್ತ ತಂದ್ರು, ಆದ್ರ ಆಗ ಅವನದಿನ್ನೂ ನಾಕ ಹಲ್ಲ. 2019ರ ಜನವರಿ 5ರ ಫೈನಲ್‌ದಾಗ ಒಬ್ಬನ 22 ಪಾಯಿಂಟ್ ತಂದ. ಬುಲ್ಸ್‌ಗೆ ಇದ್ದದ್ದ ಅದೊಂದ ಕಪ್. 2022ರಾಗ ಅವನ್ನೂ ಬಿಟ್ರು.

ನಾನು: ಸಾಕುವುದೂ ಕೊಳ್ಳುವುದೂ ಎರಡೂ ಬಲ್ಲ ತಂಡ ಯಾವುದು?

ಟಾವೆಲ್: ಪುಣೇರಿ ಪಲ್ಟನ್. ಬಾಜೂಕಿನ ಮಹಾರಾಷ್ಟ್ರದವರು, ಹೊಗಳಿದ್ರ ಗಡಿ ಸಮಿತಿಯವರು ಸಿಟ್ಟಾಗತಾರೇನೋ, ಆದರೂ ಹೇಳತೀನಿ. ಹರೇದ ಹುಡುಗರನ್ನ ತಗದು, ತಾಲೀಮ ಕೊಟ್ಟು, ಅಸ್ಲಮ್ ಇನಾಮದಾರ, ಮೋಹಿತ ಗೋಯತ್ ಇಂಥಾವರನ್ನ ಬೆಳಸಿದ್ರು. ಗಳೇ ಹೂಡಾಕ ಒಂದ ಎತ್ತ ಕಡಿಮಿ ಬಿದ್ದಾಗ 2023ರ ಹರಾಜಿನ್ಯಾಗ ಇರಾಣದ ಮೊಹಮ್ಮದ್‌ರೆಜಾ ಶಾದ್ಲೂಗೆ 2.35 ಕೋಟಿ ಎಣಿಸಿದ್ರು. 2024ರ ಮಾರ್ಚ್ 1ಕ್ಕ ಕಪ್. ತಾಲೀಮ ಕೊಟ್ಟವರ್ಯಾರು? ನಮ್ಮ ಕರ್ನಾಟಕದ ಬಿ.ಸಿ. ರಮೇಶ. ಅವರನ್ನ ಬುಲ್ಸ್‌ನವರು ಆಮ್ಯಾಲ ಕರಕೊಂಡ ಬಂದ್ರು. ಕರಾ ಸಾಕೂದ ಕಲಿಸೂವವನನ್ನೂ ಮಂದಿ ಮನ್ಯಾಗ ಬೆಳದ ಮ್ಯಾಲ ತರೂದು ನಮ್ಮ ಪದ್ಧತಿ.

ನಾನು: ಆಟಗಾರರದು ಹಾಗಾಯಿತು, ಶಾಸಕರ ವ್ಯಾಪಾರದ ಬಗ್ಗೆ? 2019ರಲ್ಲಿ ಅಥಣಿ, ಕಾಗವಾಡ ಎರಡೂ ಕ್ಷೇತ್ರಗಳ ಶಾಸಕರು ಪಕ್ಷ ಬದಲಿಸಿ ಡಿಸೆಂಬರಿನ ಉಪಚುನಾವಣೆಯಲ್ಲಿ ಗೆದ್ದರು. 2023ರಲ್ಲಿ ಎದುರಿನಿಂದ ಬದಲಿಸಿ ಬಂದವರು ಅವರನ್ನು ಸೋಲಿಸಿದರು.

ಟಾವೆಲ್: ಅದಕ್ಕ ಟಾವೆಲ್ ಸಾಲೂದಿಲ್ಲ ತಮ್ಮಾ, ಹೊಟೇಲ್ ಬೇಕು. ಮುಂದಿಂದ ಕೇಳು.

ನಾನು: ಕರುವನ್ನು ಯಾರಾದರೂ ಕೇಳುತ್ತಾರಾ, ಹೋಗುತ್ತೀಯೋ ಇರುತ್ತೀಯೋ ಎಂದು?

ಟಾವೆಲ್: (ತುಸು ತಡೆದು) 2025ರ ಫೆಬ್ರುವರಿ. ಡಲ್ಲಾಸ್ ತಂಡ. ಲೂಕಾ ಡೊನ್ಚಿಚ್ 19ರ ಹುಡುಗ ಇದ್ದಾಗಿಂದ ಅಲ್ಲೇ ಬೆಳದವ, ವಯಸ್ಸ ಇನ್ನೂ 25. ರಾತೋರಾತ್ರಿ ಲಾಸ್ ಏಂಜಲೀಸಿಗೆ ಮಾರಿದ್ರು. ಅವಗ ಮೊದಲ ಒಂದ ಮಾತ ಕೇಳಲಿಲ್ಲ. ಜನಾ ಕ್ರೀಡಾಂಗಣದ ಮುಂದ ಶವಪೆಟ್ಟಿಗಿ ತಂದಿಟ್ಟ ಅತ್ರು. ಅದ ವರ್ಷ ಚೀಟಿ ಎತ್ತೂವಾಗ ನೂರಕ್ಕ ಎರಡೂ ಇಲ್ಲದ ಅವಕಾಶದಾಗ ಅದ ತಂಡಕ್ಕ ಮೊದಲನೇ ಸರದಿ ಬಂತು; ಕೂಪರ್ ಫ್ಲ್ಯಾಗ್ ಅನ್ನೂ ಕರಾ ಸಿಕ್ತು. ಕೈಯಾರೆ ಬೆಳಸಿದ ಹೋರಿ ಕೊಟ್ಟವರಿಗೆ ಮಾಯವ್ವ ಮತ್ತ ಕೊಟ್ಟಳು, ಯಾಕ ಕೊಟ್ಟಳೋ ಆಕಿಗೆ ಗೊತ್ತು. ಮಾರಿದ ವ್ಯವಸ್ಥಾಪಕನ್ನ ನವೆಂಬರದಾಗ ಮನಿಗೆ ಕಳಸಿದ್ರು.

ನಾನು: ಈಗಲೂ ಇಲ್ಲಿ ಕರು ಸಾಕುವವರು ಇದ್ದಾರೆಯೇ? ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲ ಆಯಿತು.

ಟಾವೆಲ್: ಶರ್ಯತ್ತಿನ ಸಲುವಾಗಿ ಇದ್ದಾರ. 2014ರ ಮೇ ತಿಂಗಳದಾಗ ಸುಪ್ರೀಂ ಕೋರ್ಟ್ ಎತ್ತಿನ ಶರ್ಯತ್ತ ಬಂದ ಮಾಡಿತ್ತು. ಓಡೂ ಹೋರಿಗೆ ಗಿರಾಕಿ ಇಲ್ಲಂದ್ರ ಕರಾಕ್ಕ ಹಿಂಡಿ ಯಾರ ಹಾಕತಾರ? ಆಮ್ಯಾಲ ರಾಜ್ಯದವರು ಕಾಯ್ದೆ ತಿದ್ದಿ ಹಾದಿ ತೆರದ್ರು, 2023ರ ಮೇ 18ಕ್ಕ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು. ಕಡೀಕ ಆಡೂ ಜಾಗಾ ಇದ್ರಷ್ಟ ಸಾಕೂ ಕೈ ಇರತಾವ. ನಮ್ಮ ಊರ ಹುಡುಗರಿಗೆ ಕಬಡ್ಡಿ ಮೈದಾನ ಐತಿ, ಜಾತ್ರ್ಯಾಗ ಪಂದ್ಯಾ ಅದಾವ. ನೋಡಾಕ ಬರೂವವರ ಇಲ್ಲ.

ನಾನು: ಬುಲ್ಸ್ ಮಾಲೀಕರಿಗೆ ಏನು ಹೇಳುತ್ತೀರಿ?

ಟಾವೆಲ್: ಹರಾಜಿನ ಪಂಚತಾರಾ ಹೊಟೇಲಿಗೆ ಹೋಗೂ ಮೊದಲ ಭಾರತ ಹುಣ್ಣಿವಿಗೆ ಚಿಂಚಲಿ ರೈಲ ಇಳೀರಿ ಅಂತ ಹೇಳು. ರಾಯಬಾಗ, ಅಥಣಿ, ಚಿಕ್ಕೋಡಿ ಹುಡುಗರು ಸಂಜೀಕ ಆಡೂದನ್ನ ನಿಂತ ನೋಡ್ರಿ. ಹಿಡದ ಹುಡುಗನ್ನ ಮೂರ ಹಂಗಾಮ ಬಿಡಬ್ಯಾಡ್ರಿ, ಹಳೇ ಆಟಗಾರನ ಜೋಡಿ ಹೂಡ್ರಿ, ತಾಲೀಮ ಕೊಟ್ಟ ಊರಿಗೆ ಪಾಲ ಮುಟ್ಟಸ್ರಿ. ದಲಾಲಿ ಎಷ್ಟ ಅನ್ನೂದು ನನ್ನ ಕೆಳಗ ಕೈ ಹಾಕಿದಾಗ ಮಾತಾಡೂಣು.